ತಮ್ಮನ ಮುಂಗೋಪ, ಬೈಪೋಲಾರ್ ಖಿನ್ನತೆ ಮತ್ತು ಅಕ್ಕನ ಭಯ

ಪ್ರಶ್ನೆ: ನನ್ನ ತಮ್ಮನಿಗೆ 27 ವರ್ಷ. ನಾಲ್ಕು ವರ್ಷದ ಹಿಂದೆ ಬೈಪೋಲಾರ್ ಕಾಯಿಲೆ (ಮೂಡ್ ಕೆಲವು ಕಾಲ ಅತಿಯಾಗಿ ಏರುವುದು, ಕೆಲವು ಕಾಲ ಅತಿಯಾಗಿ ಇಳಿಯುವುದು) ಎಂದು ಗೊತ್ತಾಯಿತು. ಈಗ ಎರಡು ತಿಂಗಳಿಂದ ಡಿಪ್ರೆಷನ್‌ನಲ್ಲಿದ್ದಾನೆ. ಚಿಕ್ಕಂದಿನಿಂದಲೂ ಮುಂಗೋಪಿ, ಹಿಂದೆ ಮುಂದೆ ನೋಡುವ ಜಾಯಮಾನವೇ ಅಲ್ಲ. ಮೊನ್ನೆ ಸೈಕಾಲಜಿಸ್ಟ್ ಒಬ್ಬರು ವ್ಯಕ್ತಿತ್ವದ ಪರೀಕ್ಷೆ ಮಾಡಿ 'ದುಡುಕು ಸ್ವಭಾವ ಜಾಸ್ತಿ' ಎಂದು ಬರೆದುಕೊಟ್ಟರು. ಬೈಪೋಲಾರ್ ಇದ್ದು ಸ್ವಭಾವವೂ ಹೀಗಿದ್ದರೆ ಆತ್ಮಹತ್ಯೆಯ ಅಪಾಯ ಹೆಚ್ಚು ಎಂದು ಎಲ್ಲೋ ಓದಿದೆ. ಆಮೇಲೆ ನನಗೆ ನಿದ್ದೆಯಿಲ್ಲ. ಅಮ್ಮನನ್ನು ಕೇಳಿದರೆ 'ಹುಟ್ಟುಗುಣ ಸುಟ್ಟರೂ ಹೋಗದು' ಎಂದು ಸುಮ್ಮನಾಗುತ್ತಾರೆ. ಅವನನ್ನು ನೇರವಾಗಿ ಕೇಳಲು ಭಯ, ಕೇಳದೆ ಇರಲೂ ಭಯ. ಏನು ಮಾಡಲಿ? (ದಾವಣಗೆರೆ ಜಿಲ್ಲೆಯ ಓದುಗರು)

ಉತ್ತರ: ಮೊದಲು ಒಂದು ನಂಬರ್ ಬರೆದಿಟ್ಟುಕೊಳ್ಳಿ. 14416. ಇದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ತಮ್ಮ 'ಇನ್ನು ಸಾಕು' ಎಂಬಂಥ ಮಾತಾಡಿದರೆ, ಅಥವಾ ಕಾರಣ ಹೇಳಲಾಗದಿದ್ದರೂ ನಿಮ್ಮ ಹೊಟ್ಟೆಯಲ್ಲಿ ತಳಮಳ ಶುರುವಾದರೆ, ಈ ಉತ್ತರ ಓದುತ್ತಾ ಕೂರಬೇಡಿ. ಅವನನ್ನು ಒಬ್ಬನೇ ಬಿಡಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಉಳಿದದ್ದನ್ನು ಆಮೇಲೆ ಓದಿದರಾಯಿತು.

ನೀವು ಓದಿದ್ದು ಸುಳ್ಳಲ್ಲ. ಆದರೆ ಅರ್ಧ ಓದಿದ್ದೀರಿ. ಬೈಪೋಲಾರ್ ಇರುವವರಲ್ಲಿ ಆತ್ಮಹತ್ಯೆಯ ಪ್ರಮಾಣ ಉಳಿದ ಜನರಿಗಿಂತ 20ರಿಂದ 30 ಪಟ್ಟು ಹೆಚ್ಚು ಎಂಬ ಅಂದಾಜಿದೆ. ಇವರಲ್ಲಿ ಮೂರನೇ ಒಂದು ಭಾಗ, ಕೆಲವು ಅಧ್ಯಯನಗಳ ಪ್ರಕಾರ ಅದಕ್ಕಿಂತ ಜಾಸ್ತಿ ಜನ, ಬದುಕಿನಲ್ಲಿ ಒಮ್ಮೆಯಾದರೂ ಪ್ರಯತ್ನ ಮಾಡಿರುತ್ತಾರೆ. ಆ ಪ್ರಯತ್ನಗಳಲ್ಲಿ ಬಹುಪಾಲು ನಡೆಯುವುದು ಮೂಡ್ ಏರಿದಾಗ ಅಲ್ಲ, ಇಳಿದಾಗ. ಅಂದರೆ ನಿಮ್ಮ ತಮ್ಮ ಈಗಿರುವಂಥ ದಿನಗಳಲ್ಲಿ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ಸರಿಯಲ್ಲ. ಅದರ ಜೊತೆಗೇ ಇನ್ನೊಂದು ಮಾತನ್ನೂ ಹೇಳಬೇಕು. ಈ ಕಾಯಿಲೆ ಇರುವ ಬಹಳಷ್ಟು ಜನ ಒಂದು ಪ್ರಯತ್ನವನ್ನೂ ಮಾಡದೆ, ಕೆಲಸ ಮಾಡಿಕೊಂಡು, ಮಕ್ಕಳನ್ನು ಸಾಕಿಕೊಂಡು, ತಿಂಗಳಿಗೊಮ್ಮೆ ಮಾತ್ರೆ ಬರೆಸಿಕೊಂಡು ಹೋಗಲು ಬರುತ್ತಾರೆ. ಅವರ ಬಗ್ಗೆ ಯಾರೂ ಬರೆಯುವುದಿಲ್ಲ, ಅಷ್ಟೇ.

ಸ್ವಭಾವದ ವಿಷಯಕ್ಕೆ ಬರೋಣ. ಒಂದೇ ಮಳೆಗೆ ಒಂದು ಮನೆಯ ಮಣ್ಣಿನ ಗೋಡೆ ಕುಸಿಯುತ್ತದೆ, ಪಕ್ಕದ ಮನೆಯದು ನಿಲ್ಲುತ್ತದೆ, ಅಲ್ವಾ? ಅಷ್ಟೇ ಡಿಪ್ರೆಷನ್ ಇರುವ ಇಬ್ಬರಲ್ಲಿ ಒಬ್ಬರು ಪ್ರಾಣ ಕಳೆದುಕೊಳ್ಳಲು ಹೊರಡುತ್ತಾರೆ, ಇನ್ನೊಬ್ಬರು ಹೊರಡುವುದಿಲ್ಲ. ಯಾಕೆ? ನ್ಯೂಯಾರ್ಕ್‌ನ ಮನೋವೈದ್ಯ ಜಾನ್ ಮ್ಯಾನ್ ಮತ್ತು ಅವರ ಜೊತೆಗಾರರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆ ಹಿಡಿದು ಹೊರಟಿತ್ತು. ಡಾಕ್ಟರ್ ಅಳೆದ ಕಾಯಿಲೆಯ ತೀವ್ರತೆ ಪ್ರಯತ್ನ ಮಾಡಿದ್ದವರು, ಮಾಡದವರು, ಎರಡೂ ಗುಂಪಿನಲ್ಲಿ ಹೆಚ್ಚು ಕಡಿಮೆ ಒಂದೇ ಇತ್ತು. ವ್ಯತ್ಯಾಸ ಬೇರೆ ಕಡೆ ಇತ್ತು. ಪ್ರಯತ್ನ ಮಾಡಿದ್ದವರಲ್ಲಿ ಬದುಕಿನುದ್ದಕ್ಕೂ ಸಿಟ್ಟು ಮತ್ತು ದುಡುಕು ಜಾಸ್ತಿ ಇತ್ತು. ಹತಾಶೆ ಹೆಚ್ಚಿತ್ತು. ಬದುಕಲು ಕಾರಣ ಏನು ಎಂದು ಕೇಳಿದರೆ ಅವರ ಬಳಿ ಸಿಗುತ್ತಿದ್ದ ಉತ್ತರಗಳು ಕಡಿಮೆ ಇದ್ದವು.

ಐದು ವರ್ಷದ ನಂತರ ಅದೇ ಬಳಗದ ಮರಿಯಾ ಒಕೆಂಡೊ ಮತ್ತಿತರರು ಖಿನ್ನತೆ ಮತ್ತು ಬೈಪೋಲಾರ್ ಇರುವ 308 ಜನರನ್ನು ಎರಡು ವರ್ಷ ಹಿಂಬಾಲಿಸಿ ನೋಡಿದರು. ಮುಂದೆ ಪ್ರಯತ್ನ ನಡೆಯಬಹುದು ಎಂಬುದಕ್ಕೆ ಬಲವಾದ ಸೂಚನೆಗಳಾಗಿ ಸಿಕ್ಕಿದ್ದು ಮೂರು: ಹಿಂದೆ ಮಾಡಿದ ಪ್ರಯತ್ನ, ಸಿಗರೇಟು, ಮತ್ತು 'ನನಗೆ ಎಷ್ಟು ಕಷ್ಟ ಆಗುತ್ತಿದೆ' ಎಂದು ರೋಗಿ ತಾನೇ ಕೊಟ್ಟ ಅಂಕ. ಡಾಕ್ಟರ್ ಕೊಟ್ಟ ಅಂಕವಲ್ಲ, ರೋಗಿಯದು. ಈ ಒಂದು ಸಾಲು ನನ್ನ ಕೆಲಸದ ರೀತಿಯನ್ನೇ ಬದಲಿಸಿತು. 'ನೋಡೋಕೆ ಚೆನ್ನಾಗೇ ಇದ್ದಾನೆ, ನಾಟಕ ಮಾಡ್ತಾನೆ' ಎಂದು ಮನೆಯವರು ಹೇಳಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಿಮ್ಮ ತಮ್ಮ 'ತುಂಬಾ ಕಷ್ಟ ಆಗ್ತಿದೆ' ಎಂದರೆ ಅದನ್ನು ನಿಮ್ಮ ಅಳತೆಯಲ್ಲಿ ಅಳೆಯಬೇಡಿ, ಅವನ ಅಳತೆಯನ್ನೇ ನಂಬಿ.

ಹಾಗಾದರೆ ಎರಡು ಎಳೆಗಳಿವೆ ಎಂದಾಯಿತು. ಒಂದು ದುಡುಕು, ಒಂದು ಹತಾಶೆ. ನೀವು ಭಯಪಡುತ್ತಿರುವುದು ಮೊದಲನೆಯದಕ್ಕೆ. ನನಗೆ ಹೆಚ್ಚು ಭಯವಾಗುವುದು ಎರಡನೆಯದಕ್ಕೆ.

ಇಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು, ಕೆಲಸ, ವಿವರ ಎಲ್ಲ ಬದಲಿಸಿದ್ದೇನೆ. ಒಬ್ಬ ಹುಡುಗ, ನಿಮ್ಮ ತಮ್ಮನ ವಯಸ್ಸಿನವನೇ. ಒಪಿಡಿ ಬಾಗಿಲನ್ನು ಬಡಿದು ಒಳಗೆ ಬರುವಂಥವನು. ಮೊಬೈಲ್ ಎಸೆಯುವುದು, ಕೆಲಸ ಬಿಡುವುದು, ಸಂಜೆ ಹೊತ್ತಿಗೆ ಅಳುತ್ತಾ ಕ್ಷಮೆ ಕೇಳುವುದು. ಒಂದು ದಿನ ಜಗಳವಾಗಿ 'ನಾನು ಇರೋದೇ ಬೇಡ' ಎಂದು ಎದ್ದು ಹೊರಟ. ಅವನ ಭಾವ ಬುದ್ಧಿ ಹೇಳಲಿಲ್ಲ, ಕೂಗಾಡಲಿಲ್ಲ. ಬೈಕಿನ ಕೀ ಜೇಬಿಗೆ ಹಾಕಿಕೊಂಡು ಪಕ್ಕದಲ್ಲೇ ನಡೆಯುತ್ತಾ ಹೋದರು. ಕೆರೆ ಏರಿಯ ಟೀ ಅಂಗಡಿವರೆಗೆ. ಎರಡು ಟೀ ಆಯಿತು. ಅರ್ಧ ಗಂಟೆಗೆ ಹುಡುಗ 'ಮನೆಗೆ ಹೋಗೋಣ' ಎಂದ. ದುಡುಕಿನ ಗುಣವೇ ಅದು. ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಅದು ಏರಿರುವ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಿರಬೇಕು, ಕೈಗೆ ಏನೂ ಸಿಗಬಾರದು. ಎಷ್ಟೋ ಜೀವ ಹೀಗೆ ಉಳಿದಿವೆ.

ಇನ್ನೊಬ್ಬರು ಶಾಲಾ ಶಿಕ್ಷಕಿ. ತಾಳ್ಮೆಯ ಮೂರ್ತಿ ಎನ್ನುತ್ತಾರಲ್ಲ, ಹಾಗೆ. ಪ್ರಿಸ್ಕ್ರಿಪ್ಷನ್‌ಗಳನ್ನು ತಾರೀಖಿನ ಪ್ರಕಾರ ಫೈಲ್ ಮಾಡಿ ತರುತ್ತಿದ್ದರು. ವ್ಯಕ್ತಿತ್ವದ ಯಾವ ಪರೀಕ್ಷೆ ಮಾಡಿದರೂ ದುಡುಕಿಗೆ ಸೊನ್ನೆ ಬರುತ್ತಿತ್ತು. ಒಂದು ಸಲ ಮಾತಿನ ನಡುವೆ ನಾನು ಸುಮ್ನೆ ಕೇಳಿದೆ, 'ಮುಂದಿನ ತಿಂಗಳು ಅಕ್ಕನ ಮಗಳ ಮದುವೆ ಅಲ್ವಾ, ಸೀರೆ ತಗೊಂಡ್ರಾ?' ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. 'ಅಷ್ಟೊತ್ತಿಗೆ ನೋಡೋಣ ಡಾಕ್ಟ್ರೇ' ಎಂದರು. ಮುಖದಲ್ಲಿ ನಗು ಇತ್ತು. ನಾನು ಪೆನ್ ಕೆಳಗಿಟ್ಟೆ. ಅವರ ಲೆಕ್ಕದಲ್ಲಿ ಮುಂದಿನ ತಿಂಗಳು ಎಂಬುದೇ ಇರಲಿಲ್ಲ. ನೇರವಾಗಿ ಕೇಳಿದಾಗ ಹತ್ತು ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಹೇಳಿದರು. ಅವತ್ತೇ ದಾಖಲು ಮಾಡಿಕೊಂಡೆವು. ಈಗ ಅವರು ರಿಟೈರ್ ಆಗಿದ್ದಾರೆ, ಆ ಮದುವೆಯಾದ ಹುಡುಗಿಯ ಮಗುವನ್ನು ಆಡಿಸುತ್ತಾರೆ.

ಆರನ್ ಬೆಕ್ ಎಂಬ ಅಮೆರಿಕದ ಮನೋವೈದ್ಯರು ಈ ಹತಾಶೆಯನ್ನೇ ಅಳೆಯಲು 1974ರಲ್ಲಿ ಒಂದು ಪ್ರಶ್ನಾವಳಿ ಮಾಡಿದರು. ಆಮೇಲೆ, ಸಾಯುವ ಯೋಚನೆಯಿಂದ ಆಸ್ಪತ್ರೆಗೆ ಸೇರಿದ್ದ 207 ಜನರನ್ನು ಹತ್ತು ವರ್ಷ ಗಮನಿಸಿ 1985ರಲ್ಲಿ ವರದಿ ಕೊಟ್ಟರು. ಆತ್ಮಹತ್ಯೆಯಿಂದ ತೀರಿಕೊಂಡವರಲ್ಲಿ ಹೆಚ್ಚಿನವರ ಹತಾಶೆಯ ಅಂಕ ಮೊದಲೇ ಜಾಸ್ತಿ ಇತ್ತು. ಹಾಗೆಂದು ಅಂಕ ಜಾಸ್ತಿ ಇದ್ದವರೆಲ್ಲ ಸಾಯಲಿಲ್ಲ. ಅವರಲ್ಲಿ ಬಹುತೇಕರು ಬದುಕಿದರು.

ಇದು ಬಹಳ ಮುಖ್ಯ, ಯಾಕೆಂದರೆ ನಿಮ್ಮ ಕೈಯಲ್ಲಿ ಒಂದು ರಿಪೋರ್ಟ್ ಇದೆ. ನೀವದನ್ನು ಜಾತಕದ ಹಾಗೆ ಓದುತ್ತಿದ್ದೀರಿ. 2017ರಲ್ಲಿ ಒಂದು ದೊಡ್ಡ ಸಮೀಕ್ಷೆ ಬಂತು. 50 ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ಸ್ವಭಾವ, ಕಾಯಿಲೆ, ಕುಟುಂಬದ ಇತಿಹಾಸ, ಯಾವುದೇ ಒಂದು ಅಂಶವನ್ನು ಹಿಡಿದುಕೊಂಡು ಯಾರು ಆತ್ಮಹತ್ಯೆಗೆ ಯತ್ನಿಸುತ್ತಾರೆ ಎಂದು ಹೇಳುವುದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಮೇಲು ಎಂಬುದು ಅದರ ಸಾರ. ನಮ್ಮ ವೃತ್ತಿಯವರಿಗೆ ಇದು ಮುಖಭಂಗದ ವಿಷಯವೇ. ಗುಂಪಿನ ಬಗ್ಗೆ ನಿಜವಾದದ್ದು ನಿಮ್ಮ ತಮ್ಮನ ಬಗ್ಗೆ ಭವಿಷ್ಯವಾಗುವುದಿಲ್ಲ. 'ದುಡುಕು ಜಾಸ್ತಿ' ಎಂಬ ಸಾಲು ಎಲ್ಲಿ ಎಚ್ಚರ ಇರಬೇಕು ಎಂದು ಹೇಳುತ್ತದೆ, ಮುಂದೇನಾಗುತ್ತದೆ ಎಂದು ಹೇಳುವುದಿಲ್ಲ.

ಇನ್ನೊಂದು. ಆ ಪರೀಕ್ಷೆ ಮಾಡಿದ್ದು ಯಾವಾಗ? ಮೊನ್ನೆ, ಅಂದರೆ ಡಿಪ್ರೆಷನ್ ನಡುವೆ. ಆಗ ಮಾಡಿದ ವ್ಯಕ್ತಿತ್ವದ ಪರೀಕ್ಷೆ ಜ್ವರ ಬಂದಾಗ ತೂಕ ನೋಡಿದ ಹಾಗೆ. ಡಿಪ್ರೆಷನ್‌ನಲ್ಲಿರುವವರನ್ನು 'ನೀವು ಎಂಥವರು' ಎಂದು ಕೇಳಿದರೆ ಅವರು ಇವತ್ತಿನ ಕನ್ನಡಕದಿಂದಲೇ ಇಡೀ ಬದುಕನ್ನು ನೋಡುತ್ತಾರೆ. ಆತಂಕ, ಅಳುಕು, ಕಿರಿಕಿರಿಯ ಅಂಕಗಳು ಏರಿರುತ್ತವೆ. ಕಾಯಿಲೆ ಇಳಿದ ಮೇಲೆ ಅದೇ ಪರೀಕ್ಷೆಯಲ್ಲಿ ಅವು ಕೆಳಗೆ ಬರುತ್ತವೆ. ಮೂಡ್ ಎರಡು ಮೂರು ತಿಂಗಳು ಸಮವಾಗಿ ನಿಂತ ಮೇಲೆ ಇನ್ನೊಮ್ಮೆ ಮಾಡಿಸಿ ಎಂದು ಕೇಳಿ. ಅದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಸೈಕಾಲಜಿಸ್ಟ್ ಬೇಸರ ಮಾಡಿಕೊಳ್ಳುವುದೂ ಇಲ್ಲ.

ಅಮ್ಮನ ಗಾದೆ ಕೂಡ ಇಲ್ಲೇ ಎಡವುತ್ತದೆ. ಹುಟ್ಟುಗುಣ ಎಂಬುದು ಇಲ್ಲ ಎಂದಲ್ಲ. ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪೆಲಿನ್ ನೂರು ವರ್ಷದ ಹಿಂದೆಯೇ, ಈ ಕಾಯಿಲೆ ಬರುವ ಮುಂಚೆಯೂ ಕೆಲವರಲ್ಲಿ ಮಂಕು, ಹುರುಪು, ಸಿಡುಕು, ಗಳಿಗೆಗೊಂದು ಬಣ್ಣ, ಇಂಥ ಮೂಲ ಸ್ವಭಾವಗಳು ಕಾಣುತ್ತವೆ ಎಂದು ಬರೆದಿದ್ದರು. ಹಗೋಪ್ ಅಕಿಸ್ಕಲ್ ಎಂಬುವರು ಅದನ್ನು ಮುಂದುವರಿಸಿ, ಅಳೆಯಲು ಪ್ರಶ್ನಾವಳಿ ಮಾಡಿದರು. ಗಳಿಗೆಗೊಂದು ಮೂಡಿನವರು, ಸಿಡುಕಿನವರು, ಮಂಕಿನವರು ಮತ್ತು ಆತಂಕದವರಲ್ಲಿ ಆತ್ಮಹತ್ಯೆಯ ಪ್ರಯತ್ನ ಹೆಚ್ಚು, ಸದಾ ಹುರುಪಿನವರಲ್ಲಿ ಅಷ್ಟಿಲ್ಲ ಎಂಬ ಚಿತ್ರಣ ಹಲವು ಅಧ್ಯಯನಗಳಲ್ಲಿ ಸಿಗುತ್ತದೆ. ಸರಿ. ಆದರೆ ಎಲ್ಲವನ್ನೂ ಗುಣಕ್ಕೆ ಹಾಕಿಬಿಟ್ಟರೆ, ಅವನಲ್ಲಿ ಹೊಸದಾಗಿ ಏನಾಗುತ್ತಿದೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. ನನಗಿರುವ ದೊಡ್ಡ ಆತಂಕ ಇದೇ.

ವಿಶೇಷವಾಗಿ ಮಿಶ್ರ ಸ್ಥಿತಿ ಎಂಬುದೊಂದಿದೆ. ಮನಸ್ಸು ಡಿಪ್ರೆಷನ್‌ನಲ್ಲಿ ಇರುತ್ತದೆ, ಮೈ ಮೇನಿಯಾದಲ್ಲಿ, ಅಂದರೆ ಮೂಡ್ ಅತಿಯಾಗಿ ಏರಿದಾಗಿನ ಹುರುಪಿನಲ್ಲಿ ಇರುತ್ತದೆ. ರಾತ್ರಿ ಎರಡು ಗಂಟೆಗೆ ವರಾಂಡದಲ್ಲಿ ಅತ್ತಿಂದಿತ್ತ ನಡೆಯುವುದು. ಯೋಚನೆಗಳು ಒಂದರ ಮೇಲೊಂದು ಬಿದ್ದು 'ತಲೆ ಓಡ್ತಾನೇ ಇದೆ, ನಿಲ್ತಿಲ್ಲ' ಎನ್ನುವುದು. ತಟ್ಟೆ ಇಟ್ಟ ಸದ್ದಿಗೂ ಸಿಡುಕು. ಬರೀ ಡಿಪ್ರೆಷನ್‌ನಲ್ಲಿ ಎಷ್ಟೋ ಸಲ ಎದ್ದು ಹೋಗಿ ಏನಾದರೂ ಮಾಡುವ ಕಸುವು ಕಡಿಮೆ ಇರುತ್ತದೆ. ಇಲ್ಲಿ ನೋವೂ ಇದೆ, ಕಸುವೂ ಇದೆ. ಬೈಪೋಲಾರ್‌ನಲ್ಲಿ ಅತಿ ಹೆಚ್ಚು ಅಪಾಯದ ಹೊತ್ತು ಇದು. ಮನೆಯವರ ಕಣ್ಣಿಗೆ ಮಾತ್ರ 'ಮತ್ತೆ ಹಳೇ ಮುಂಗೋಪ ಶುರುವಾಯ್ತು' ಎಂದೇ ಕಾಣುತ್ತದೆ. ಕೆಲವು ಸಲ ಮೂಡ್ ಹಿಡಿದಿಡುವ ಔಷಧಿ ಇಲ್ಲದೆ ಬರೀ ಡಿಪ್ರೆಷನ್ ಮಾತ್ರೆ ಕೊಟ್ಟಾಗಲೂ ಹೀಗಾಗುತ್ತದೆ. ಈಗ ಯಾವ ಮಾತ್ರೆಗಳು ನಡೆಯುತ್ತಿವೆ, ಇತ್ತೀಚೆಗೆ ಏನು ಬದಲಾಗಿದೆ ಎಂದು ಡಾಕ್ಟರನ್ನು ಕೇಳಿ.

ಹಾಗಾಗಿ 'ಅವನು ಎಂಥವನು' ಎನ್ನುವುದಕ್ಕಿಂತ 'ಅವನು ಅವನ ಹಾಗಿದ್ದಾನಾ' ಎಂದು ನೋಡಿ. ಮುಂಗೋಪಿ ತಮ್ಮ ಕೋಪ ಮಾಡಿಕೊಂಡರೆ ಅದು ಅವನೇ. ಮುಂಗೋಪಿ ತಮ್ಮ ಇದ್ದಕ್ಕಿದ್ದಂತೆ ತಣ್ಣಗಾಗಿ, ಎಲ್ಲರಿಗೂ ಒಳ್ಳೆಯವನಾಗಿ, ಇಷ್ಟಪಟ್ಟು ಕೊಂಡ ವಾಚನ್ನು ಗೆಳೆಯನಿಗೆ ಕೊಟ್ಟು, ಬ್ಯಾಂಕ್ ಪಾಸ್‌ಬುಕ್ ಎಲ್ಲಿದೆ ಎಂದು ನಿಮಗೆ ತೋರಿಸಿದರೆ ಅದು ಸಮಾಧಾನ ಪಡುವ ವಿಷಯವಲ್ಲ. ನಿದ್ದೆ ಪೂರ್ತಿ ಕೈಕೊಡುವುದು, ಕುಡಿತ ಏರುವುದು, 'ನನ್ನಿಂದ ಎಲ್ಲರಿಗೂ ಭಾರ' ಎಂಬ ಮಾತು, ಇವು ಕೂಡ ಹಾಗೆಯೇ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲವು ವಾರ, ಡಿಪ್ರೆಷನ್ ಇಳಿಯತೊಡಗಿದ ದಿನಗಳು ಎಲ್ಲರೂ ನಿಟ್ಟುಸಿರು ಬಿಟ್ಟು ಕಾವಲು ಸಡಿಲಿಸುವ ಹೊತ್ತು. ಅಪಾಯ ಆಗಲೂ ಇರುತ್ತದೆ.

ಕೇಳಬೇಕೋ ಬೇಡವೋ ಎಂದಿರಿ. ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬುದು ನಿಜವಲ್ಲ, ಇದನ್ನು ಹಲವು ಅಧ್ಯಯನಗಳು ಪರೀಕ್ಷಿಸಿ ನೋಡಿವೆ. ಎದುರಾ ಬದುರಾ ಕೂತು ವಿಚಾರಣೆಯ ಹಾಗೆ ಬೇಡ. ನಡೆಯುತ್ತಾ, ಅಥವಾ ಬಟಾಣಿ ಬಿಡಿಸುತ್ತಾ, ಕಣ್ಣಿಗೆ ಕಣ್ಣು ಕೂಡದ ಹಾಗೆ ಇದ್ದಾಗ ಮಾತು ಸುಲಭ. 'ಇಷ್ಟು ಕಷ್ಟ ಆದಾಗ ಕೆಲವರಿಗೆ ಬದುಕೋದೇ ಬೇಡ ಅನ್ನಿಸುತ್ತಂತೆ. ನಿನಗೂ ಹಾಗೆ ಅನ್ಸಿದ್ಯಾ?' ಇಷ್ಟು ಸಾಕು. 'ಹಾಗೆಲ್ಲ ಯೋಚನೆ ಇಲ್ಲ ತಾನೇ?' ಎಂದು ಕೇಳಬೇಡಿ. ಅದು ಪ್ರಶ್ನೆಯಲ್ಲ, ಇಲ್ಲ ಎನ್ನು ಎಂಬ ಬೇಡಿಕೆ. ಅವನು ನಿಮ್ಮ ಮುಖ ನೋಡಿ ಇಲ್ಲ ಎಂದುಬಿಡುತ್ತಾನೆ.

ಹೌದು ಎಂದರೆ? ಅಳು ಬಂದರೆ ಬರಲಿ, ಭಾಷಣ ಮಾತ್ರ ಬೇಡ. 'ಅಮ್ಮನ ಮೇಲೆ ಆಣೆ ಮಾಡು' ಎನ್ನುವುದಂತೂ ಬೇಡವೇ ಬೇಡ. ಆಣೆ ಮಾಡಿಸಿಕೊಂಡ ಮೇಲೆ ಅವನು ನಿಮಗೆ ನಿಜ ಹೇಳುವ ದಾರಿ ಮುಚ್ಚಿಹೋಗುತ್ತದೆ. ಎಷ್ಟು ದಿನದಿಂದ, ಹೇಗೆ ಎಂದು ಯೋಚಿಸಿದ್ದಾನಾ, ಏನಾದರೂ ಸಿದ್ಧ ಮಾಡಿಕೊಂಡಿದ್ದಾನಾ ಎಂದು ಮೆಲ್ಲಗೆ ಕೇಳಿ. ಯೋಜನೆ ಇದೆ ಎಂದರೆ ಅವತ್ತೇ ಡಾಕ್ಟರ್ ಹತ್ತಿರ, ಜೊತೆಯಲ್ಲಿ. ಪೊಲೀಸ್ ಕೇಸ್ ಆಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಪ್ರಯತ್ನವನ್ನು ಮುಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. ಹಿಂದೆ ಯಾವಾಗಲಾದರೂ ಅಂಥ ಪ್ರಯತ್ನ ನಡೆದು ಮನೆಯೊಳಗೇ ಉಳಿದಿದ್ದರೆ ಡಾಕ್ಟರಿಗೆ ದಯವಿಟ್ಟು ಹೇಳಿ. ಹಿಂದಿನ ಪ್ರಯತ್ನಕ್ಕಿಂತ ಬಲವಾದ ಸೂಚನೆ ಇನ್ನೊಂದಿಲ್ಲ.

ದುಡುಕಿಗೆ ಮದ್ದು ಮನೆಯಲ್ಲೇ ಸ್ವಲ್ಪ ಇದೆ. ಹೊಲದ ಔಷಧಿ ಮನೆಯಲ್ಲಿದ್ದರೆ ಸದ್ಯಕ್ಕೆ ಬೇರೆಯವರ ಮನೆಗೆ ಕಳಿಸಿ. ಮಾತ್ರೆಗಳು ನಿಮ್ಮ ಬೀರುವಿನಲ್ಲಿರಲಿ, ಅವನ ಕೈಗೆ ಒಂದೆರಡು ದಿನದ್ದು ಮಾತ್ರ. 'ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಕೆಟ್ಟ ಗಳಿಗೆ ಮೇಲೆ ನಂಬಿಕೆ ಇಲ್ಲ' ಎಂದು ಅವನಿಗೆ ಹೇಳಿಯೇ ಮಾಡಿ, ಕದ್ದುಮುಚ್ಚಿ ಬೇಡ. ಅವನು ಸ್ವಲ್ಪ ನೆಮ್ಮದಿಯಾಗಿರುವ ದಿನ ಒಂದು ಹಾಳೆ ತೆಗೆದುಕೊಂಡು ಕೂರಿ. ತಲೆ ಕೆಡುವ ಮುಂಚೆ ಏನಾಗುತ್ತದೆ, ಆಗ ಒಬ್ಬನೇ ಏನು ಮಾಡಬಹುದು, ಯಾರಿಗೆ ಫೋನ್ ಮಾಡುತ್ತಾನೆ, ಯಾವ ಆಸ್ಪತ್ರೆಗೆ ಹೋಗುವುದು, ಇಷ್ಟನ್ನು ಅವನ ಮಾತಲ್ಲೇ, ಅವನ ಅಕ್ಷರದಲ್ಲೇ ಬರೆಸಿ. ಇದು ನನ್ನ ಕಲ್ಪನೆಯಲ್ಲ. ಅಮೆರಿಕದ ಸೈಕಾಲಜಿಸ್ಟ್‌ಗಳಾದ ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆ. ಅಮೆರಿಕದ ತುರ್ತು ವಿಭಾಗಗಳಲ್ಲಿ ಇದರ ಜೊತೆ ಫೋನ್ ಮಾಡಿ ವಿಚಾರಿಸುತ್ತಿದ್ದಾಗ ಆರು ತಿಂಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ನಡವಳಿಕೆ 45% ಕಡಿಮೆಯಾಗಿತ್ತು ಎಂದು 2018ರ ಅಧ್ಯಯನ ಹೇಳಿತು. ಒಂದು ಹಾಳೆ, ಕೆಲವು ಫೋನ್ ಕರೆ.

ಔಷಧಿಯ ವಿಷಯ ಚುಟುಕಾಗಿ. 1949ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಲಿಥಿಯಂ ಎಂಬ ಔಷಧಿಯ ಬಗ್ಗೆ ಬರೆದಾಗಿನಿಂದ ಅದು ಈ ಕಾಯಿಲೆಯ ಹಳೇ ಗೆಳೆಯ. ವರ್ಷಗಟ್ಟಲೆ ತೆಗೆದುಕೊಂಡ ಬೈಪೋಲಾರ್ ರೋಗಿಗಳಲ್ಲಿ ಆತ್ಮಹತ್ಯೆ ಕಡಿಮೆ ಎಂದು ಬಹಳ ಅಧ್ಯಯನಗಳು ತೋರಿಸಿವೆ. ಮೂಡ್ ಹಿಡಿಯುವುದರ ಜೊತೆಗೆ ಅದು ದುಡುಕನ್ನೂ ತಗ್ಗಿಸುತ್ತದೆ ಎಂಬ ಊಹೆ ಇದೆ. 2021ರಲ್ಲಿ ಅಮೆರಿಕದ ಮಾಜಿ ಸೈನಿಕರಲ್ಲಿ ನಡೆದ ಪ್ರಯೋಗವೊಂದರಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಅನೇಕರು ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿರಲಿಲ್ಲ. ನಾನಂತೂ ಲಿಥಿಯಂ ಕೈಬಿಟ್ಟಿಲ್ಲ. ರಕ್ತದ ಮಟ್ಟ, ಕಿಡ್ನಿ, ಥೈರಾಯ್ಡ್ ಆಗಾಗ ನೋಡಿಸಬೇಕು, ಏಕಾಏಕಿ ನಿಲ್ಲಿಸಬಾರದು. ನಿಮ್ಮ ತಮ್ಮನಿಗೆ ಅದು ಹೊಂದುತ್ತದೋ ಇಲ್ಲವೋ ಅವನನ್ನು ನೋಡುತ್ತಿರುವ ಡಾಕ್ಟರೇ ಹೇಳಬೇಕು. ಕಾಯಿಲೆ ಹಿಡಿತಕ್ಕೆ ಬಂದ ಮೇಲೂ ದುಡುಕು ಉಳಿದಿದ್ದರೆ ಡಿಬಿಟಿಯಂಥ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಮಾತಿನ ಚಿಕಿತ್ಸೆಗಳಿವೆ. ಕೋಪ ಬಂದಾಗ ಮೊದಲ ಹತ್ತು ನಿಮಿಷ ಏನು ಮಾಡಬೇಕು ಎಂದು ಸೈಕಲ್ ಕಲಿಸಿದ ಹಾಗೆ ಕಲಿಸುತ್ತಾರೆ. ಸುಟ್ಟರೂ ಹೋಗದ ಗುಣ ಕಲಿತರೆ ಪಳಗುತ್ತದೆ ಎಂದು ಅಮ್ಮನಿಗೆ ಹೇಳಿ ನೋಡಿ.

ಮುಂದಿನ ಅಪಾಯಿಂಟ್‌ಮೆಂಟ್‌ಗೆ ನೀವೂ ಹೋಗಿ. ಒಂದು ಹಾಳೆಯಲ್ಲಿ ಕಳೆದ ಎರಡು ವಾರದ ನಿದ್ದೆಯ ಗಂಟೆಗಳು, ಊಟ, ಕುಡಿತ ಇದ್ದರೆ ಅದು, ಅವನು ಆಡಿದ ಒಂದೆರಡು ಮಾತು ಇದ್ದ ಹಾಗೇ ಬರೆದುಕೊಂಡು ಹೋಗಿ. ಅವನು ಹೊರಗೆ ಹೋದ ಮೇಲೆ ಡಾಕ್ಟರ್ ಕೈಗೆ ತುರುಕಬೇಡಿ, ಅವನ ಎದುರಿಗೇ ಕೊಡಿ. ನಿದ್ದೆಯಿಲ್ಲ ಎಂದು ಬರೆದಿದ್ದೀರಿ. ರಾತ್ರಿ ಅವನ ಕಡೆ ಕಿವಿ ಇಡುವ ಕೆಲಸ ನಿಮ್ಮೊಬ್ಬರದೇ ಆಗಬಾರದು, ವಾರದಲ್ಲಿ ಮೂರು ದಿನವಾದರೂ ಬೇರೆಯವರಿಗೆ ಹಂಚಿ. 14416 ನಿಮಗೂ ಹೌದು. ಅಕ್ಕಂದಿರು ಫೋನ್ ಮಾಡಿದರೂ ಅವರು ಮಾತಾಡುತ್ತಾರೆ.